ಮೊದಲ ಆಲ್ವಿನ್ ಪರವಾಗಿ ನಾಲ್ಕು ಮಾತು

ಪತ್ರ: ಸಂಪಾದಕರೇ, ಇಂಗ್ಲಿಷ್ ವೈಜ್ಞಾನಿಕ ಕಾದಂಬರಿಕಾರ ಆರ್ಥರ್ ಸಿ. ಕ್ಲಾರ್ಕ್ ಅಂದ್ರೆ ನನಗೆ ಪ್ರಾಣ. ‘ರಾಂಡೆವೂ ವಿತ್ ರಾಮ’ ಮತ್ತೆ ಮತ್ತೆ ಓದಿದ್ದೇನೆ. ಮೊನ್ನೆ ಅವರ ಮೊದಲ ಕಾದಂಬರಿ ‘ಅಗೇನ್ಸ್ಟ್ ದ ಫಾಲ್ ಆಫ್ ನೈಟ್’ ಓದಿ ಬೇಜಾರಾಯಿತು. ಕಥಾನಾಯಕ ಆಲ್ವಿನ್ ಅನ್ನುವ ಹುಡುಗ ಹೋದ ಕಡೆಯೆಲ್ಲ ಬಾಗಿಲು ತಾನೇ ತೆರೆಯುತ್ತದೆ. ಕೊನೆಗೆ ಪಾಠ ಮಾಡಿದ ಹಾಗೆ ಇಡೀ ಬ್ರಹ್ಮಾಂಡದ ಚರಿತ್ರೆ. ಕ್ಲಾರ್ಕ್ ತಾವೇ ಇದನ್ನು ಬಿಟ್ಟು ಇದೇ ಕಥೆಯನ್ನು ‘ದ ಸಿಟಿ ಅಂಡ್ ದ ಸ್ಟಾರ್ಸ್’ ಅಂತ ಹೊಸದಾಗಿ ಬರೆದ ಮೇಲೂ ಹಳೆಯದನ್ನು ಅಚ್ಚು ಹಾಕುತ್ತಲೇ ಇರುವುದು ಯಾಕೆ? ಪಿಯುಸಿ ಓದುವ ನನ್ನ ತಂಗಿ ಈಗ ಕ್ಲಾರ್ಕ್ ಶುರು ಮಾಡಬೇಕು ಅಂತಿದ್ದಾಳೆ. ಇದನ್ನು ಅವಳ ಕಣ್ಣಿಗೆ ಬೀಳದ ಹಾಗೆ ಎತ್ತಿಡಲಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎತ್ತಿಡಬೇಡಿ. ನೀವು ಹೇಳಿದ ದೋಷಗಳೆಲ್ಲ ಇವೆ, ಬೇಕಾದರೆ ಇನ್ನೂ ಎರಡು ಸೇರಿಸಿಕೊಳ್ಳಿ. ಹೆಂಗಸರು ಕಥೆಯಲ್ಲಿ ಇದ್ದೂ ಇಲ್ಲದ ಹಾಗೆ. ಜನ ಮಾತಾಡುವಾಗ ಯಾರ ಮಾತು ಯಾರದ್ದು ಅಂತ ಹೆಸರು ನೋಡಿಯೇ ತಿಳಿಯಬೇಕು. ಆದರೂ ಈ ಪುಸ್ತಕದ ಪರವಾಗಿ ಹೇಳುವುದಕ್ಕೆ ನನ್ನ ಹತ್ತಿರ ಒಂದು ಮಾತಿದೆ. ದೊಡ್ಡವರಾದ ಕ್ಲಾರ್ಕ್ ಇದನ್ನು ತಿದ್ದುವಾಗ ತುಂಬ ಗಳಿಸಿದರು. ಒಂದು ಮುಖ್ಯ ಸಂಗತಿಯನ್ನು ಕಳೆದುಕೊಂಡರು.

ಮೊದಲು ಒಂದು ವಿಷಯ. ಇದು ಗಡಿಬಿಡಿಯಲ್ಲಿ ಗೀಚಿದ ಪುಸ್ತಕ ಅಂದುಕೊಳ್ಳಬೇಡಿ. ಕ್ಲಾರ್ಕ್ 1937ರಲ್ಲಿ ಶುರು ಮಾಡಿದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಲಂಡನ್‌ನಲ್ಲಿ ಸರ್ಕಾರಿ ಲೆಕ್ಕಪತ್ರ ನೋಡುವ ಕೆಲಸ. ಆಮೇಲೆ ಯುದ್ಧ ಬಂತು, ವಾಯುಪಡೆಯಲ್ಲಿ ರಾಡಾರ್ ಕೆಲಸ. ನಾಲ್ಕೈದು ಸಲ ಹೊಸದಾಗಿ ಬರೆದು 1946ರಲ್ಲಿ ಮುಗಿಸಿದರು. 1948ರಲ್ಲಿ ‘ಸ್ಟಾರ್ಟ್ಲಿಂಗ್ ಸ್ಟೋರೀಸ್’ ಎಂಬ ಅಮೆರಿಕದ ಪತ್ರಿಕೆಯಲ್ಲಿ ಬಂತು, ಪುಸ್ತಕವಾಗಿದ್ದು 1953ರಲ್ಲಿ. ಉಪಗ್ರಹವನ್ನು ಸುಮಾರು 36,000 ಕಿ.ಮೀ. ಎತ್ತರದಲ್ಲಿಟ್ಟರೆ ಅದು ಭೂಮಿಯ ಜೊತೆಜೊತೆಗೇ ಸುತ್ತುತ್ತದೆ, ಅಂಥ ಮೂರಿದ್ದರೆ ಇಡೀ ಜಗತ್ತಿಗೆ ಪ್ರಸಾರ ಮಾಡಬಹುದು ಎಂಬ ಅವರ ಪ್ರಸಿದ್ಧ ಲೇಖನ ಬಂದದ್ದೂ ಇದೇ ಹೊತ್ತಿಗೆ, 1945ರ ಅಕ್ಟೋಬರ್‌ನಲ್ಲಿ. (ಮುಂದೆ 1975-76ರ ‘ಸೈಟ್’ ಎಂಬ ಉಪಗ್ರಹ ಟಿವಿ ಯೋಜನೆಯಲ್ಲಿ ಅಂಥದೇ ಒಂದು ಉಪಗ್ರಹದಿಂದ ಕರ್ನಾಟಕವೂ ಸೇರಿ ಆರು ರಾಜ್ಯಗಳ ಹಳ್ಳಿಗಳಿಗೆ ನೇರವಾಗಿ ಟಿವಿ ಬಂತು. ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು, ಕೇಳಿ ನೋಡಿ.) ಅಂದರೆ ಲೆಕ್ಕ ಹಾಕುವ ತಲೆ ಆಗಲೇ ಪಕ್ಕಾ ಆಗಿತ್ತು. ಕಥೆ ಹೇಳುವ ಕೈ ಮಾತ್ರ ಪಳಗಬೇಕಿತ್ತು.

ಕ್ಲಾರ್ಕ್‌ಗೂ ಈ ಪುಸ್ತಕದ ಬಗ್ಗೆ ಸಮಾಧಾನ ಇರಲಿಲ್ಲ. ಮೊದಲ ಕಾದಂಬರಿಯ ದೋಷಗಳಲ್ಲಿ ಹೆಚ್ಚಿನವು ಇದರಲ್ಲಿವೆ ಅಂತ ತಾವೇ ಬರೆದುಕೊಂಡಿದ್ದಾರೆ. ಅವರನ್ನು ಮತ್ತೆ ಬರೆಯುವಂತೆ ಮಾಡಿದ್ದು ಬರೀ ಭಾಷೆಯ ಚಿಂತೆಯಲ್ಲ. 1940ರ ದಶಕದ ಕೊನೆಗೆ ಮಾಹಿತಿ ಸಿದ್ಧಾಂತ ಅನ್ನುವ ಹೊಸ ವಿದ್ಯೆ ಬಂದಿತ್ತು, ಮಾಹಿತಿಯನ್ನು ಅಳೆಯುವ, ಕೂಡಿಡುವ, ಕಳಿಸುವ ಲೆಕ್ಕಾಚಾರ ಅದು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಹೋಗುವಾಗ ಅದನ್ನು ತಲೆಯಲ್ಲಿಟ್ಟುಕೊಂಡು ಹಳೆಯ ಕಥೆಗೆ ಮತ್ತೆ ಕೈ ಹಾಕಿದರು. 1956ರಲ್ಲಿ ‘ದ ಸಿಟಿ ಅಂಡ್ ದ ಸ್ಟಾರ್ಸ್’ ಹೊರಬಂತು.

ಎರಡರ ಕಥೆಯೂ ಒಂದೇ ಎಳೆಯದ್ದು. ಎಷ್ಟೋ ಕೋಟಿ ವರ್ಷಗಳ ಮುಂದೆ ಭೂಮಿಯೆಲ್ಲ ಮರಳುಗಾಡು. ನಡುವೆ ಡಯಾಸ್ಪರ್ ಎಂಬ ಒಂದು ನಗರ. ಹೊರಗೆ ಹೋಗಬೇಕು ಅಂತ ಅಲ್ಲಿ ಯಾರಿಗೂ ಅನಿಸುವುದಿಲ್ಲ, ಆಲ್ವಿನ್ ಎಂಬ ಹುಡುಗನೊಬ್ಬನಿಗೆ ಬಿಟ್ಟು.

ಹೊಸ ಪುಸ್ತಕದ ಡಯಾಸ್ಪರ್ ಒಂದು ಅದ್ಭುತ ಯಂತ್ರ. ಅಲ್ಲಿ ಮಗು ಹುಟ್ಟುವುದಿಲ್ಲ. ಜನ ಸಾವಿರ ವರ್ಷ ಬದುಕಿ ನಗರದ ನೆನಪಿನ ಭಂಡಾರಕ್ಕೆ ವಾಪಸ್ ಹೋಗುತ್ತಾರೆ. ಮತ್ತೆ ಯಾವಾಗಲೋ ದೊಡ್ಡವರಾಗಿಯೇ ಎದ್ದು ಬರುತ್ತಾರೆ. ಒಂದು ಹೊತ್ತಿಗೆ ಬೀದಿಯಲ್ಲಿ ಓಡಾಡುವವರು ನೂರರಲ್ಲಿ ಒಂದು ಪಾಲು ಅಷ್ಟೇ, ಉಳಿದವರೆಲ್ಲ ಭಂಡಾರದೊಳಗೆ. ಕಂಪ್ಯೂಟರ್ ಅಂದರೆ ಕೋಣೆ ತುಂಬುವ ಪೆಟ್ಟಿಗೆಗಳಾಗಿದ್ದ ಕಾಲದಲ್ಲಿ ಮನುಷ್ಯನನ್ನೇ ಬ್ಯಾಕಪ್ ಇಡುವ ಕಲ್ಪನೆ ಇದು! ಪುಸ್ತಕದ ಶುರುವಿನಲ್ಲಿ ಹುಡುಗರು ಒಂದು ಗುಹೆಯ ಸಾಹಸದಲ್ಲಿರುತ್ತಾರೆ. ಅದು ನಾವು ಈಗ ವಿಆರ್ ಗೇಮ್ ಅನ್ನುತ್ತೇವಲ್ಲ, ಕೃತಕ ಜಗತ್ತಿನೊಳಗೇ ಹೊಕ್ಕು ಆಡುವ ಆಟ, ಥೇಟ್ ಅದು. ಆಲ್ವಿನ್ ಗುಹೆ ಬಿಟ್ಟು ಹೊರಗೆ ಹೋಗೋಣ ಅಂದು ಎಲ್ಲರ ಆಟ ಕೆಡಿಸುತ್ತಾನೆ. ಖೆಡ್ರನ್ ಎಂಬ ವಿದೂಷಕನೂ ಹೊಸದಾಗಿ ಬಂದವನು. ನಗರ ಜಡವಾಗದಿರಲಿ ಅಂತ ಆಗಾಗ ಸ್ವಲ್ಪ ಅಡ್ಡಾದಿಡ್ಡಿ ಮಾಡುವುದೇ ಅವನ ಕೆಲಸ. ನಿಜವಾದ ಬದಲಾವಣೆ ಎದುರಿಗೆ ಬಂದಾಗ ಎಲ್ಲರಿಗಿಂತ ಮೊದಲು ಹೆದರಿ ಭಂಡಾರದೊಳಗೆ ಓಡಿಹೋಗುವವನೂ ಅವನೇ. ಇಂಥ ಪಾತ್ರ ಇಪ್ಪತ್ತರ ಹುಡುಗನ ಕೈಗೆ ಸಿಗುವಂಥದ್ದಲ್ಲ.

ಹಾಗಾದರೆ ಕಳೆದದ್ದೇನು? ಆಲ್ವಿನ್‌ಗೆ ಮಾತ್ರ ಹೊರಗೆ ಹೋಗಬೇಕು ಅಂತ ಯಾಕೆ ಅನಿಸುತ್ತದೆ? ಈ ಪ್ರಶ್ನೆಗೆ ಎರಡು ಪುಸ್ತಕಗಳೂ ಬೇರೆ ಬೇರೆ ಉತ್ತರ ಕೊಡುತ್ತವೆ. ಹೊಸದರಲ್ಲಿ ನಗರ ಕಟ್ಟಿದವರೇ ಅದನ್ನು ಯೋಚಿಸಿ ಇಟ್ಟಿದ್ದರು. ಯಾವತ್ತೋ ಒಂದು ದಿನ ಬೇಕಾಗಬಹುದು ಅಂತ ಹಿಂದಿನ ಜನ್ಮದ ನೆನಪಿಲ್ಲದ, ಹೆದರಿಕೆ ಇಲ್ಲದ ಕೆಲವರನ್ನು ಯೋಜನೆಯಲ್ಲೇ ಸೇರಿಸಿದ್ದರು. ಆಲ್ವಿನ್ ಅಂಥವರಲ್ಲೊಬ್ಬ. ಜಾಣ ಉತ್ತರ, ಒಪ್ಪುತ್ತೇನೆ. ಎಲ್ಲ ಕೊಂಡಿಯೂ ಸರಿಯಾಗಿ ಕೂರುತ್ತದೆ. ಆದರೆ ಅಲ್ಲಿಗೆ ಅವನ ಬಂಡಾಯವೂ ಹಿರಿಯರ ಅಪ್ಪಣೆಯೇ ಆಯಿತು, ಅಲ್ವಾ? ಮನೆಯವರೇ ಟಿಕೆಟ್ ತೆಗೆಸಿಕೊಟ್ಟ ಮೇಲೆ ಮನೆ ಬಿಟ್ಟು ಓಡಿಹೋದ ಹಾಗೆ.

ಹಳೆಯದರಲ್ಲಿ ಯಾರ ಯೋಜನೆಯೂ ಇಲ್ಲ. ಆಲ್ವಿನ್ ಏಳು ಸಾವಿರ ವರ್ಷಗಳಲ್ಲಿ ಹುಟ್ಟಿದ ಒಂದೇ ಒಂದು ಮಗು. ಅವನ ಸುತ್ತ ಇರುವವರೆಲ್ಲ ಯಾವಾಗಲೋ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ ದೊಡ್ಡವರು. ಅವನು ಹೊರಗೆ ನೋಡಬೇಕು ಅನ್ನುವುದು ಅವನಿನ್ನೂ ಚಿಕ್ಕವನು ಅನ್ನುವ ಕಾರಣಕ್ಕೆ. ಅಷ್ಟೇ. ತರ್ಕಕ್ಕೆ ಇದು ಸಾಲದು. ನನ್ನ ಮಟ್ಟಿಗೆ ಇದೇ ನಿಜವಾದ ಉತ್ತರ.

ಆ ಪುಸ್ತಕದ ಮೊದಲ ಪುಟಗಳನ್ನು ಇನ್ನೊಂದು ಸಲ ತೆರೆದು ನೋಡಿ. ನಗರದ ಸದ್ದು ಇದ್ದಕ್ಕಿದ್ದ ಹಾಗೆ ಬದಲಾಗುತ್ತದೆ. ಜನ ಮನೆಗಳಿಂದ ಹೊರಗೆ ಬಂದು ತಲೆಯೆತ್ತಿ ನಿಂತಿದ್ದಾರೆ. ಆಲ್ವಿನ್‌ನ ಅಪ್ಪ ಕಾನ್ವಾರ್ ಅರ್ಧ ಮೈಲಿ ಎತ್ತರದ ಬಾಲ್ಕನಿಗೆ ಬರುತ್ತಾನೆ. ಶತ್ರುಗಳು ಬಂದರೇನೋ ಅಂತ ಕ್ಷಣಹೊತ್ತು ಅವನ ಎದೆ ಧಸಕ್ ಅನ್ನುತ್ತದೆ. ಆಮೇಲೆ ಒಳಗೆ ಹೋಗಿ ಮಗುವನ್ನು ಕರೆತರುತ್ತಾನೆ. ಆಕಾಶದಲ್ಲಿ ಕಣ್ಣು ಕುಕ್ಕುವಷ್ಟು ಬೆಳ್ಳಗಿನದೇನೋ ಇದೆ. ಮಗು ಹೆದರುತ್ತದೆ. ಅದು ಒಂದು ಮೋಡ. ಸುಮ್ನೆ ಒಂದು ಮೋಡ! ಸಮುದ್ರ ಬತ್ತಿ ಎಷ್ಟೋ ಯುಗವಾದ ಭೂಮಿಯ ಮೇಲೆ ಅದನ್ನು ನೋಡಲು ಊರಿಗೆ ಊರೇ ಬೀದಿಗಿಳಿದಿದೆ. ಭೂಮಿಗೆ ಎಷ್ಟು ವಯಸ್ಸಾಗಿದೆ ಅಂತ ಇಷ್ಟು ಚೆನ್ನಾಗಿ ಹೇಳುವ ಇನ್ನೊಂದು ಪುಟ ಕ್ಲಾರ್ಕ್‌ರ ಆಮೇಲಿನ ಪುಸ್ತಕಗಳಲ್ಲೂ ನನಗೆ ಸಿಕ್ಕಿಲ್ಲ. ಹೊಸ ಕಾದಂಬರಿ ಶುರುವಾಗುವುದು ಹೀಗಲ್ಲ. ಅಲ್ಲಿ ಆಲ್ವಿನ್‌ಗೆ ಹೆತ್ತವರೇ ಇಲ್ಲವಲ್ಲ, ಸಾಕಿದವರು ಮಾತ್ರ.

ಲೊರಾನ್ ಗೋಪುರದ ಪ್ರಸಂಗವೂ ಹಾಗೆಯೇ. ನಗರದ ಅಂಚಿನ ಆ ಗೋಪುರದಲ್ಲಿ ಗಾಳಿ ಬರುವ ಕಿಂಡಿಯೊಂದರ ತನಕ ಆಲ್ವಿನ್ ಹೋಗುತ್ತಾನೆ. ಅಲ್ಲೊಂದು ಕಲ್ಲಿನ ಮೇಲೆ ಎಂದೋ ಯಾರೋ ಕೆತ್ತಿದ್ದಾರೆ: ಇದಕ್ಕಿಂತ ಒಳ್ಳೆಯ ದಾರಿ ಇದೆ, ದಾಖಲೆ ಕಾಯುವವನಿಗೆ ನನ್ನ ನಮಸ್ಕಾರ ಹೇಳು. ಕೆಳಗೆ ಹೆಸರು. ತನ್ನ ಹಾಗೆ ಇನ್ನೊಬ್ಬ ಹಿಂದೆ ಇಲ್ಲಿ ನಿಂತಿದ್ದ, ಮುಂದೆ ಇನ್ಯಾರೋ ಬಂದೇ ಬರುತ್ತಾರೆ ಅಂತ ನಂಬಿದ್ದ! ಕಥೆಗೆ ಇದು ತೀರಾ ಅನುಕೂಲದ ತಿರುವು, ನಿಜ. ನೀವು ಹೇಳಿದ ತಾನೇ ತೆರೆಯುವ ಬಾಗಿಲುಗಳಲ್ಲಿ ಇದೂ ಒಂದು. ಆದರೂ ಓದುವಾಗ ನನ್ನ ಮೈ ಜುಮ್ಮೆಂದಿತ್ತು.

ಇನ್ನು ಮರುಮುದ್ರಣದ ಪ್ರಶ್ನೆ. ಲೇಖಕರು ಬೇಡ ಅಂದರೆ ಆ ಮಾತಿಗೆ ಬೆಲೆ ಕೊಡಬೇಕು. ಅಮೆರಿಕದ ವೈಜ್ಞಾನಿಕ ಕಾದಂಬರಿಕಾರ್ತಿ ಆಕ್ಟೇವಿಯಾ ಬಟ್ಲರ್ ತಮ್ಮ 1978ರ ‘ಸರ್ವೈವರ್’ ಕಾದಂಬರಿಯನ್ನು ಬದುಕಿರುವ ತನಕ ಮತ್ತೆ ಅಚ್ಚಾಗಲು ಬಿಡಲಿಲ್ಲ. ಕ್ಲಾರ್ಕ್ ಹಾಗೆ ಮಾಡಲಿಲ್ಲ. ಹೊಸದು ಬಂದ ಮೇಲೆ ಹಳೆಯದು ತಾನಾಗಿ ಮೂಲೆ ಸೇರುತ್ತದೆ ಅಂದುಕೊಂಡಿದ್ದರು. ಓದುಗರು ಬಿಡಲಿಲ್ಲ, ಅವರೂ ತಡೆಯಲಿಲ್ಲ. 1990ರಲ್ಲಿ ಅಮೆರಿಕದ ವೈಜ್ಞಾನಿಕ ಕಾದಂಬರಿಕಾರ ಗ್ರೆಗರಿ ಬೆನ್‌ಫರ್ಡ್ ಇದಕ್ಕೆ ಮುಂದುವರಿದ ಭಾಗ ಬರೆದರು, ಕ್ಲಾರ್ಕ್ ಒಪ್ಪಿಗೆಯ ಮೇಲೆಯೇ. ಅದೂ ಹಳೆಯ ಪುಸ್ತಕಕ್ಕೆ, ಹೊಸದಕ್ಕಲ್ಲ.

ನಿಮ್ಮ ತಂಗಿಗೆ ಮೊದಲು ಹಳೆಯದನ್ನೇ ಕೊಡಿ. ಅವಳ ವಯಸ್ಸಿಗೆ ಅದು ಸರಿ. ಗಾತ್ರವೂ ಚಿಕ್ಕದು, ಪರೀಕ್ಷೆ ನಡುವೆಯೂ ಮುಗಿಯುತ್ತದೆ. ಆಮೇಲೆ ಹೊಸದು. ನಿಮ್ಮ ಕಷ್ಟಕ್ಕೆ ಅರ್ಧ ಕಾರಣ ನೀವು ‘ರಾಮ’ನಿಂದ ಹಿಂದಕ್ಕೆ ಹೋದದ್ದು. ‘ರಾಮ’ ಬಂದ 1973ರ ಕ್ಲಾರ್ಕ್‌ರನ್ನು 1946ರಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತಾರೆ? ಅಣ್ಣ ತಂಗಿ ಕೂತು ವಾದ ಮಾಡುವಾಗ ಮಾತ್ರ ಯಾವ ಪುಸ್ತಕದ ಆಲ್ವಿನ್ ಅಂತ ಮೊದಲೇ ಹೇಳಿಕೊಳ್ಳಿ. ಒಬ್ಬ ಮನೋವೈದ್ಯ ಮತ್ತು ಅವನ ರೋಗಿ ಈ ಕಥೆಯ ಬಗ್ಗೆ ಮಾತಾಡಿದ್ದರಂತೆ, ಒಬ್ಬ ಓದಿದ್ದು ಹಳೆಯದು, ಇನ್ನೊಬ್ಬ ಓದಿದ್ದು ಹೊಸದು ಅನ್ನುವುದು ಇಬ್ಬರಿಗೂ ಗೊತ್ತಿಲ್ಲದೆ. ಇದನ್ನು ಕ್ಲಾರ್ಕ್ ಅವರೇ ಹೇಳಿಕೊಂಡಿದ್ದಾರೆ.

– ಸಂಪಾದಕ