ಹಸಿರು ದೀಪದ ಲೆಕ್ಕ ಯಾರದು?

ಪ್ರಶ್ನೆ: ನಾನು ಸಿವಿಲ್ ಬಿಇ ಮೂರನೇ ವರ್ಷದಲ್ಲಿದ್ದೇನೆ. ಎಂಟೆಕ್‌ಗೆ ಸಾರಿಗೆ ಎಂಜಿನಿಯರಿಂಗ್ ಓದುವ ಆಸೆ. 'ಸ್ಟ್ರಕ್ಚರಲ್ (ಕಟ್ಟಡ, ಸೇತುವೆಗಳ ವಿನ್ಯಾಸ) ತೊಗೊ, ಟ್ರಾಫಿಕ್ ನೋಡ್ಲಿಕ್ಕೆ ಪೊಲೀಸ್ರು ಇದ್ದಾರಲ್ಲ' ಅಂತಾರೆ ಅಪ್ಪ. ಈ ವಿಷಯದಲ್ಲಿ ಓದುವುದೇನಿರುತ್ತದೆ?
– ಓದುಗಿ, ಹಾವೇರಿ

ಉತ್ತರ: ಪೊಲೀಸರು ಕೈ ಮಾಡಿ ನಿಲ್ಲಿಸುತ್ತಾರೆ, ನಿಜ. ಹಸಿರು ದೀಪ ಎಷ್ಟು ಸೆಕೆಂಡು ಉರಿಯಬೇಕೆಂದು ಯಾರಾದರೂ ಲೆಕ್ಕ ಹಾಕಬೇಕಲ್ಲ ತಂಗಿ, ಆ ಲೆಕ್ಕ ನಮ್ಮದು. ನಾನು ಪಾಠ ಮಾಡುವಾಗ ಹೇಳಿಕೊಡುತ್ತಿದ್ದ ಸಿಗ್ನಲ್ ಸೂತ್ರ ಬ್ರಿಟನ್ನಿನ ಸಂಚಾರ ಸಂಶೋಧಕ ವೆಬ್‌ಸ್ಟರ್ 1958ರಲ್ಲಿ ಕೊಟ್ಟದ್ದು. ಅಲ್ಲಿ ವಾಹನಗಳು ಲೇನ್ ಹಿಡಿದು ಸಾಗುತ್ತವೆ. ನಮ್ಮಲ್ಲಿ ದೀಪ ಕೆಂಪಾದರೆ ಬೈಕುಗಳು ಸಂದಿಯಲ್ಲಿ ತೂರಿ ಮುಂದೆ ಬಂದು ನಿಲ್ಲುತ್ತವೆ. ನಮ್ಮ ರಸ್ತೆಗೆ ಒಪ್ಪುವಂತೆ ಆ ಸೂತ್ರವನ್ನು ತಿದ್ದುವ ಕೆಲಸ ಇನ್ನೂ ಬೇಕಾದಷ್ಟಿದೆ.

ಎಲ್ಲ ವಾಹನಗಳನ್ನೂ ಕಾರಿನ ಅಳತೆಗೆ ತರುವ ಪಿಸಿಯು (ಪ್ಯಾಸೆಂಜರ್ ಕಾರ್ ಯೂನಿಟ್) ಎಂಬ ಮಾನವಿದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಪಟ್ಟಿಯಲ್ಲಿ, ನಗರದ ರಸ್ತೆಗಳಿಗೆ, ಕಾರು 1, ಬೈಕು 0.5ರಿಂದ 0.75, ಬಸ್ಸು 2.2ರಿಂದ 3.7. ರಸ್ತೆಯ ಜಾಗದ ಮಟ್ಟಿಗೆ ಇದು ಸರಿ. ಆದರೆ ಬಸ್ಸಿನಲ್ಲಿ ಐವತ್ತು ಜನ, ಕಾರಿನಲ್ಲಿ ಒಬ್ಬರೇ ಇದ್ದರೆ ಅದು ಈ ಪಟ್ಟಿಗೆ ಕಾಣಿಸುವುದಿಲ್ಲ. ಜನರನ್ನು ಎಣಿಸಿದರೆ ಮಾತ್ರ ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಎಂಬ ವೇಗದ ಬಸ್ಸಿಗೆಂದೇ ರಸ್ತೆಯ ಮಧ್ಯದಲ್ಲಿ ದಾರಿ ಬಿಟ್ಟದ್ದೇಕೆಂದು ಅರ್ಥವಾಗುತ್ತದೆ. ನಿಲ್ದಾಣವೂ ನಡುವೆಯೇ ಇರುವುದರಿಂದ, ಮೊಣಕಾಲು ನೋವಿನ ಅಜ್ಜಿಯೂ ವಾಹನಗಳನ್ನು ದಾಟಿಯೇ ಬರಬೇಕು. ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಹಿಡಿದರೆ 12 ಮೀಟರ್ ದಾಟಲು 10 ಸೆಕೆಂಡು ಸಾಕು. ಅಜ್ಜಿ 0.8ರಲ್ಲಿ ನಡೆದರೆ 15 ಬೇಕು. ಆ 5 ಸೆಕೆಂಡಿಗಾಗಿ ವಾದ ಮಾಡುವ ಎಂಜಿನಿಯರುಗಳು ನಮಗೆ ಬೇಕು. ನೀನು ಅವರಲ್ಲೊಬ್ಬಳಾಗಬೇಕೆಂಬುದು ನನ್ನ ಆಸೆ.

ಗಣಿತದಲ್ಲಿ ಸಂಖ್ಯಾಶಾಸ್ತ್ರ, ಸಂಭವನೀಯತೆ ಗಟ್ಟಿಯಿರಲಿ. ಸುರತ್ಕಲ್‌ನ ಎನ್‌ಐಟಿಕೆ, ಬೆಂಗಳೂರಿನ ಐಐಎಸ್‌ಸಿ ಎರಡರಲ್ಲೂ ಈ ಎಂಟೆಕ್ ಇದೆ, ಗೇಟ್ ಪರೀಕ್ಷೆ ಬರೆಯಬೇಕು. ಓದಿದವರಿಗೆ ಮೆಟ್ರೊ, ಹೆದ್ದಾರಿ, ನಗರ ಯೋಜನೆಗಳ ಕನ್ಸಲ್ಟೆನ್ಸಿಗಳಲ್ಲಿ ಕೆಲಸವಿದೆ ಎಂದು ಅಪ್ಪನಿಗೆ ಹೇಳು.

ಅದಕ್ಕೂ ಮೊದಲು ಒಂದು ಸಂಜೆ ನಿಮ್ಮೂರ ಬಸ್ ನಿಲ್ದಾಣದ ಮುಂದೆ ನೋಟ್‌ಬುಕ್ ಹಿಡಿದು ಒಂದು ಗಂಟೆ ನಿಲ್ಲು. ಬೈಕು, ಕಾರು, ಬಸ್ಸು, ನಡೆದು ಹೋಗುವವರು, ಒಂದೊಂದಕ್ಕೂ ಬೇರೆ ಗೀಟು ಹಾಕು. 15 ನಿಮಿಷಕ್ಕೊಮ್ಮೆ ಹೊಸ ಸಾಲು. ನಡೆಯುವವರ ಕಾಲಂ ಮಾತ್ರ ಬಿಡಬೇಡ. ಎಣಿಸಿದ್ದನ್ನು ನನಗೆ ಬರೆದು ಕಳಿಸು, ಮುಂದಿನ ಲೆಕ್ಕ ಇಬ್ಬರೂ ಕೂಡಿ ಮಾಡೋಣ.