ಪುಟ್ಟ ಬೆರಳಿಗೆ ಎಫ್ ಕಾರ್ಡ್

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮ ಸೊಸೈಟಿ ಮಕ್ಕಳಿಗೆ ಭಾನುವಾರ ಗಿಟಾರ್ ಹೇಳ್ಕೊಡ್ತೀನಿ, ರಾಜ್ಯೋತ್ಸವಕ್ಕೆ ಭಾವಗೀತೆ ಹಾಡಿಸ್ಬೇಕು. ಸಂಗೀತ ಬರೆಯೋ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್‌ನಲ್ಲಿ ಎಫ್ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹಾಕಿದ್ರೆ ಆರೂ ತಂತಿ ಒತ್ತೋ ಚಿತ್ರ ಬರುತ್ತೆ, ಒಂಬತ್ತು ವರ್ಷದವರ ಬೆರಳಿಗೆ ಆಗಲ್ಲ. ಪ್ರಿಂಟ್ ತೆಗೆದು ಪೆನ್ನಲ್ಲಿ ತಿದ್ದಿ ಝೆರಾಕ್ಸ್ ಮಾಡಿಸ್ತಿದ್ದೀನಿ. ಚಿತ್ರಾನೇ ಬದಲಾಯಿಸೋಕೆ ಆಗುತ್ತಾ?

ಉತ್ತರ: ಆಗುತ್ತೆ ಸರ್, ಪೆನ್ನು ಒಳಗಿಡಿ. ಆ ಚಿತ್ರದ ಮೇಲೆ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದ್ರೆ ಅದೇ ಫ್ರೆಟ್‌ಬೋರ್ಡ್, ಅಂದ್ರೆ ಬೆರಳು ಒತ್ತೋ ಪಟ್ಟಿ, ದೊಡ್ಡದಾಗಿ ಕಾಣುತ್ತೆ. ಎಡಗಡೆ ಗೆರೆ ದಪ್ಪ ಇ ತಂತಿ, ಅಂದ್ರೆ ಆರನೇದು. ಇರೋ ಚುಕ್ಕಿ ಎಲ್ಲಾ ತೆಗೆದುಬಿಟ್ಟು, ಆರು ಮತ್ತು ಐದನೇ ತಂತಿ ನೆತ್ತಿ ಮೇಲೆ ಕ್ಲಿಕ್ ಮಾಡ್ತಾ ಹೋಗಿ, ಸೊನ್ನೆ ಹೋಗಿ ಇಂಟು ಮಾರ್ಕ್ ಬರೋವರೆಗೂ, ಅವೆರಡನ್ನೂ ಮೀಟಬಾರದು ಅಂತ ಅರ್ಥ. ನಾಲ್ಕನೇ ತಂತಿಗೆ 3ನೇ ಫ್ರೆಟ್ಟು (ಗಿಟಾರ್ ತಲೆ ಕಡೆಯಿಂದ ಮೂರನೇ ಮನೆ), ಮೂರನೇದಕ್ಕೆ 2ನೇದು, ಕೊನೇ ಎರಡಕ್ಕೂ 1ನೇದು. ಆ ಕೊನೇ ಎರಡನ್ನ ತೋರುಬೆರಳು ಒಂದೇ ಒತ್ತುತ್ತೆ, ಅದಕ್ಕೇ ಬಾರ್ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತೋದನ್ನ ತೋರಿಸೋ ಗೆರೆ) ಆನ್ ಮಾಡಿ ಎರಡನೇ ತಂತಿ ಮೇಲೆ ಕ್ಲಿಕ್ ಮಾಡಿ, ಗೆರೆ ಅಲ್ಲಿಂದ ಸಣ್ಣ ತಂತಿವರೆಗೂ ಬರುತ್ತೆ. ಸಣ್ಣ ತಂತಿನ ಖಾಲಿ ಬಿಟ್ರೆ ಇನ್ನೂ ಸುಲಭ ಅಂತ ಕೆಲವರು ಅಂತಾರೆ, ಸುಲಭ ಹೌದು, ಆದ್ರೆ ಅದು ಎಫ್ ಮೇಜರ್ ಸೆವೆನ್ ಅನ್ನೋ ಬೇರೆ ಕಾರ್ಡ್, ಹಾಡಿನ ಬಣ್ಣವೇ ಬೇರೆ ಆಗುತ್ತೆ, ಮಕ್ಕಳ ಕಿವಿ ಮೊದಲು ಸರಿ ಎಫ್ ಕೇಳ್ಲಿ.

ಒಂದ್ಸಲ ಮಾಡಿದ್ದು ಪ್ರತಿ ಹಾಡಿಗೂ ಮಾಡ್ಬೇಕಿಲ್ಲ. ಹೊಸ ಪ್ಯಾಲೆಟ್ (ಮತ್ತೆ ಬಳಸೋ ಚಿಹ್ನೆಗಳನ್ನ ಇಟ್ಕೊಳ್ಳೋ ಪೆಟ್ಟಿಗೆ) ಒಂದು ಮಾಡ್ಕೊಂಡು, ಕಂಟ್ರೋಲ್ ಶಿಫ್ಟ್ ಎರಡೂ ಒತ್ತಿ ಹಿಡಿದು ಚಿತ್ರನ ಅದರೊಳಗೆ ಎಳೆದುಬಿಡಿ.

ಇನ್ನೊಂದು, ಚಿತ್ರ ಬದಲಾಯಿಸಿದ್ರೂ ಪ್ಲೇ ಮಾಡ್ದಾಗ ಸೌಂಡ್ ಹಾಗೇ ಇರುತ್ತೆ. ಸಾಫ್ಟ್‌ವೇರ್ ನುಡಿಸೋದು ಮೇಲಿರೋ ಕಾರ್ಡ್ ಹೆಸರನ್ನ, ಚುಕ್ಕಿಗಳನ್ನಲ್ಲ. ಏನೋ ತಪ್ಪಾಯ್ತು ಅಂತ ನಾನೂ ಒಂದು ಸಂಜೆ ಪೂರ್ತಿ ತಲೆ ಕೆಡಿಸ್ಕೊಂಡಿದ್ದೆ.

ಪ್ರಶ್ನೆ: ಪುಣೆಯಿಂದ ಬರೀತಿದ್ದೀನಿ. ಡಿ ಶ್ರುತಿ ಹಾಡಲ್ಲಿ ಬಿ ಮೈನರ್ ಕಾರ್ಡ್ ಬಂದಾಗ ಮಗಳು ಗಿಟಾರೇ ಕೆಳಗಿಡ್ತಾಳೆ. ಏನು ಮಾಡ್ಲಿ?

ಉತ್ತರ: 2ನೇ ಫ್ರೆಟ್ಟಿಗೆ ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್) ಹಾಕಿ ಅಮ್ಮ, ಎ ಮೈನರ್ ಹಿಡಿದ್ರೆ ಬಿ ಮೈನರ್ ಕೇಳುತ್ತೆ, ಎ ಮೈನರ್ ಚಿತ್ರಾನೇ ಹಾಕಿಕೊಡಿ. ಡಿ ಜಾಗದಲ್ಲಿ ಸಿ, ಎ ಜಾಗದಲ್ಲಿ ಜಿ. ಆದ್ರೆ ಜಿ ಬರೋ ಕಡೆ ಹಿಡೀಬೇಕಾದ್ದು ಎಫ್, ಅದಕ್ಕೆ ಮೇಲೆ ಡೊಂಬಿವಲಿಯವರಿಗೆ ಹೇಳಿದ್ದನ್ನ ಓದ್ಕೊಳ್ಳಿ.