“ನಾ ಮುಟ್ಟಿದ ದಿನಾನ ತೂಕ ಇಳೀತ್ರಿ”

ಹೆಸರು, ಊರು ಹೇಳುವುದಿಲ್ಲ. ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆ, ಹದಿನೇಳರ ಬಾಣಂತಿ, 31 ವಾರಕ್ಕೇ ಹುಟ್ಟಿದ ಹೆಣ್ಣುಕೂಸು, ತೂಕ 1,350 ಗ್ರಾಂ. ಇಷ್ಟು ಸಾಕು. ಇಂಥವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ.

ಸಿಸ್ಟರ್ ನನ್ನನ್ನು ಕರೆಸಿದ ಕಾರಣ: ಹುಡುಗಿ ಕೂಸನ್ನು ಮುಟ್ಟುವುದಿಲ್ಲ, ಕಾಂಗರೂ ಆರೈಕೆಗೆ, ಅಂದರೆ ಬರಿ ಮೈಗೆ ತಾಗಿಸಿ ಬೆಚ್ಚಗಿಡಲು, ಎದೆಗೆ ಹಾಕಿಕೋ ಎಂದರೆ ಗೋಡೆಗೆ ಮುಖ ತಿರುಗಿಸಿ ಮಲಗುತ್ತಾಳೆ. ‘ವಯಸ್ಸು ಚಿಕ್ಕದು, ತಿಳಿವಳಿಕೆ ಇಲ್ಲ’ ಎಂದು ವಾರ್ಡಿನವರೆಲ್ಲ ತೀರ್ಮಾನಿಸಿಯಾಗಿತ್ತು.

ಅತ್ತೆಯನ್ನು ಚಹಾ ಕುಡಿದು ಬನ್ನಿ ಎಂದು ಕಳಿಸಿ, ಪಕ್ಕದಲ್ಲಿ ಕೂತೆ. ಅವಳ ಕೈಯಲ್ಲಿ ಹಾಲು ಹಿಂಡುವ ಸ್ಟೀಲ್ ಬಟ್ಟಲಿತ್ತು, ತಳದಲ್ಲಿ ಚಮಚೆಯಷ್ಟು ಹಾಲು. ಬಟ್ಟಲಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು. ಏನಾದರೂ ಕೇಳಬೇಕಲ್ಲ ಎಂದು, “ಕೂಸಿನ ತೂಕ ಈಗ ಎಷ್ಟವ್ವ?” ಎಂದೆ.

“ಸಾವಿರದ ಇನ್ನೂರಾ ತೊಂಬತ್ತು” ಎಂದಳು, ತಟ್ಟನೆ. “ಅರವತ್ತು ಗ್ರಾಂ ಇಳದೈತ್ರಿ. ನಾ ಮುಟ್ಟಿದ ದಿನಾನ ಇಳೀತ್ರಿ. ಅದಕ್ಕ ಮುಟ್ಟಂಗಿಲ್ಲ.”

“ಹಾಗಂತ ಯಾರು ಹೇಳಿದರು?”

“ನನಗ ಯಾರೂ ಏನೂ ಹೇಳಂಗಿಲ್ರಿ. ಡಾಕ್ಟರ್ ಬಂದ್ರ ನಮ್ಮತ್ತಿ ಕೂಡ ಮಾತಾಡ್ತಾರ. ನಾ ಬೋರ್ಡ್ ಮ್ಯಾಲಿಂದು ಓದ್ಕೊತೀನಿ.”

ದಿನ ತುಂಬದೆ ಹುಟ್ಟಿದ ಕೂಸು ಮೊದಲ ವಾರದಲ್ಲಿ ಹುಟ್ಟುತೂಕದ ಹತ್ತರಲ್ಲೊಂದು ಭಾಗದಷ್ಟು ಇಳಿಯುವುದು ಮಾಮೂಲು. ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲಿ ಮತ್ತೆ ಹುಟ್ಟುತೂಕ ಮುಟ್ಟುತ್ತದೆ. ಇದು ವಾರ್ಡಿನ ಆಯಾಗೂ ಗೊತ್ತು. ಹೆತ್ತವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ತಿಳಿವಳಿಕೆ ಇಲ್ಲದವಳಂತೆ! ದಿನವೂ ಬೋರ್ಡು ಓದಿ ಗ್ರಾಂ ಲೆಕ್ಕ ಇಟ್ಟವಳು ಅವಳೊಬ್ಬಳೇ.

ಆ ಸಂಜೆ ಡಾಕ್ಟರಲ್ಲಿ ಕೇಳಿಕೊಂಡೆ: ರೌಂಡ್ಸಿಗೆ ಬಂದಾಗ ಅತ್ತೆ ಪಕ್ಕದಲ್ಲಿರಲಿ, ಮಾತು ಮಾತ್ರ ಹುಡುಗಿಯ ಜೊತೆ ಆಗಲಿ. ಅವಳಿಗೊಂದು ನೋಟ್‌ಬುಕ್ ಕೊಟ್ಟು, ತೂಕ ನೀನೇ ಬರೆದುಕೋ ಎಂದೆ. ಚರ್ಮಕ್ಕೆ ಚರ್ಮ ತಾಗಿಸಿ ಎಷ್ಟು ಹೊತ್ತು ಇಟ್ಟುಕೊಂಡರೂ ಒಳ್ಳೆಯದೇ, ದಿನಕ್ಕೆ ಎಂಟು ತಾಸಾದರೂ ಇರಲಿ, ನಿನಗೆ ನಿದ್ದೆ ಬೇಕಾದಾಗ ಅತ್ತೆಯೋ ಗಂಡನೋ ಎದೆಗೆ ಹಾಕಿಕೊಳ್ಳಲಿ ಎಂದು ಹೇಳಿದೆ. ಒಳಲೆಯಲ್ಲಿ ಹಿಂಡಿದ ಎದೆಹಾಲು ಮಾತ್ರ. ಜೇನು, ಬಜೆ ಬೇಡ, ಮನೆಗೆ ಹೋದ ಮೇಲೆ ಲೋಬಾನದ ಹೊಗೆಯೂ ಬೇಡ. ಡಾಕ್ಟರು ಹೇಳುವ ತನಕ ಎಣ್ಣೆ-ನೀರು ಹಾಕುವಂತಿಲ್ಲ ಎಂದಾಗ ಅತ್ತೆ ಸಿಟ್ಟಾದರು: “ಮೂರು ಬಾಣಂತನ ಮಾಡೇನಿ, ಇಕಿಗೇನ ಗೊತ್ತೈತಿ?” ಹಿರಿಯರನ್ನು ಕಡೆಗಣಿಸಿದೆ ಎಂದು ಸಹೋದ್ಯೋಗಿಯೊಬ್ಬರೂ ಅಂದರು. ಇರಬಹುದು. ಆದರೆ ರಾತ್ರಿ ಎರಡಕ್ಕೆ ಕೂಸಿನ ಉಸಿರು ನೋಡುವವಳು ಆ ಹುಡುಗಿ. ಅವಳಿಗೆ ಗೊತ್ತಿಲ್ಲದ್ದು ಮನೆಯಲ್ಲಿ ಮತ್ತ್ಯಾರಿಗೆ ಗೊತ್ತಿದ್ದು ಏನು ಬಂತು?

ಇನ್ನೊಂದು ತೊಡಕು ಪೊಲೀಸ್ ಕೇಸಿನದು. ಬಾಣಂತಿಗೆ ಹದಿನೆಂಟು ತುಂಬಿಲ್ಲವೆಂದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯಂತೆ ಆಸ್ಪತ್ರೆ ವರದಿ ಮಾಡಲೇಬೇಕು, ಮದುವೆಯಾಗಿದ್ದರೂ. ಮನೆಯವರು ರಾತ್ರೋರಾತ್ರಿ ಊರಿಗೆ ಹೊರಡುವ ಯೋಚನೆಯಲ್ಲಿದ್ದರು. ವರದಿ ಹೋಗಿಯಾಗಿದೆ, ಓಡಿದರೆ ಅದು ಅಳಿಸುವುದಿಲ್ಲ, ತಪ್ಪಿಹೋಗುವುದು ಕೂಸಿನ ಕಣ್ಣಿನ ತಪಾಸಣೆ ಎಂದೆ. ಎರಡು ಕೆಜಿಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲೇ ಹುಟ್ಟಿದ ಕೂಸಿನ ರೆಟಿನಾವನ್ನು, ಅಂದರೆ ಕಣ್ಣಿನ ಒಳಪರದೆಯನ್ನು, 30 ದಿನದೊಳಗೆ ನೋಡಿಸಲೇಬೇಕು. ಅಲ್ಲಿನ ರಕ್ತನಾಳ ಅಡ್ಡಾದಿಡ್ಡಿ ಬೆಳೆದರೆ ಕುರುಡುತನ ಬರಬಹುದು, ಹೊತ್ತಿಗೆ ಸರಿಯಾಗಿ ಕಂಡರೆ ಲೇಸರ್‌ನಿಂದ ತಡೆಯಬಹುದು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ಬಾಲ್ಯವಿವಾಹವನ್ನು ಮುಚ್ಚಿಡಲು ನಾನು ನೆರವಾಗಲಿಲ್ಲ ಎಂಬ ದೂರು ಆ ಮನೆಯವರದು ಈಗಲೂ ಇದೆ. ನೆರವಾಗುವುದೂ ಇಲ್ಲ.

ಕಣ್ಣಿನ ತಪಾಸಣೆಯ ತಾರೀಖನ್ನು ಅವಳು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿದ್ದಳು. ಆ ದಿನ ತಾಯಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಳು. ರಕ್ತನಾಳ ಇನ್ನೂ ಪೂರ್ತಿ ಬೆಳೆದಿಲ್ಲ, ಎರಡು ವಾರ ಬಿಟ್ಟು ಮತ್ತೆ ಬನ್ನಿ ಎಂದರು. ಅವಳು ಪೆನ್ನು ಕೇಳಿದಳು.